ಮೋಟಾರ್ ಯಾಕೆ ಸುಡುತ್ತದೆ?



ಭಾಷೆ ಕಲಿಸುವ ಮಾಸ್ತರನಿಗೆ ಮೋಟಾರಿನ ಉಸಾಬರಿ ಏಕೆಂದು ನೀವು ನಗಬಹುದು. ಆದರೆ ಭೂತನಾಳದಿಂದ ತಿಕೋಟಾ, ಬಬಲೇಶ್ವರದವರೆಗೆ ನಮ್ಮ ಮಕ್ಕಳ ಫೀ ಕಟ್ಟುವುದು ಬಹುಪಾಲು ಬೋರಿನ ನೀರೇ. ಏಪ್ರಿಲ್‌ನಲ್ಲಿ ದ್ರಾಕ್ಷಿ ಚಾಟನಿ ಮಾಡಿದ ಮೇಲೆ ಮೋಟಾರ್ ಸುಟ್ಟರೆ ವೈಂಡಿಂಗ್ ಖರ್ಚಷ್ಟೇ ಅಲ್ಲ, ಬಳ್ಳಿಯೂ ಬಾಡುತ್ತದೆ.

ಮೋಟಾರನ್ನು ಸುಡುವುದು ಶಾಖ. ಕರೆಂಟು 20% ಹೆಚ್ಚಾದರೆ ತಂತಿಯಲ್ಲಿ ಹುಟ್ಟುವ ಶಾಖ 44% ಹೆಚ್ಚುತ್ತದೆ; ಏಕೆಂದರೆ ಅದು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಈ ಲೆಕ್ಕ ಎಂಟನೆಯ ತರಗತಿಯವರಿಗೂ ಬರುತ್ತದೆ. ಮಿತಿಗಿಂತ ಪ್ರತಿ 10 ಡಿಗ್ರಿ ಬಿಸಿ ಹೆಚ್ಚಿದಂತೆ ತಂತಿಯ ಹೊದಿಕೆಯ ಆಯುಷ್ಯ ಸುಮಾರು ಅರ್ಧವಾಗುತ್ತದೆ. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದೆರಡರಲ್ಲಿ ಕರೆಂಟು ಸುಮಾರು 1.7 ಪಟ್ಟು, ಶಾಖ ಸುಮಾರು ಮೂರು ಪಟ್ಟು.

ಸ್ಟಾರ್ಟರಿನೊಳಗಿನ ಓವರ್‌ಲೋಡ್ ರಿಲೇ ಇದಕ್ಕಾಗಿಯೇ ಇದೆ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿ ಬಿಸಿಯಾಗಿ ಬಾಗಿ, ಕಾಯಿಲಿನ ಕರೆಂಟು ಕಡಿಯುತ್ತದೆ. ಅದರ ಸೂಜಿಯನ್ನು ಮೋಟಾರಿನ ಪಟ್ಟಿಯಲ್ಲಿ ಬರೆದ ಆಂಪಿಯರಿಗೆ ಇಡಬೇಕು. ಸ್ಟಾರ್-ಡೆಲ್ಟಾದಲ್ಲಿ ರಿಲೇ ವೈಂಡಿಂಗ್ ದಾರಿಯಲ್ಲಿದ್ದರೆ ಅದರ 0.58 ಪಟ್ಟು. ನಮ್ಮವರು ಮಾಡುವುದೇನು? ಪದೇ ಪದೇ ಟ್ರಿಪ್ ಆಗುತ್ತದೆಂದು ಸೂಜಿಯನ್ನು ಕೊನೆಗೆ ತಿರುಗಿಸಿ ಬಿಡುತ್ತಾರೆ. ಫ್ಯೂಜಿಗೆ ದಪ್ಪ ತಂತಿ ಬೇರೆ! ಮೇಲಾಗಿ, ಶುರುವಾಗುವಾಗ ಮೋಟಾರ್ ಸುಮಾರು ಆರು ಪಟ್ಟು ಕರೆಂಟು ಎಳೆಯುತ್ತದೆ. ಅದನ್ನು ತಾಳುವ ಫ್ಯೂಜು ಸಣ್ಣ ಓವರ್‌ಲೋಡನ್ನು ಕಾಯಲಾರದು.

ಇನ್ನೊಂದು ಮಾತು, ಬಹಳ ಜನರಿಗೆ ಗೊತ್ತಿಲ್ಲ. ಬೋರ್ ಬತ್ತಿ ಪಂಪು ಒಣಗಿ ತಿರುಗಿದರೆ ಕರೆಂಟು ಏರುವುದಿಲ್ಲ, ಇಳಿಯುತ್ತದೆ! ಆಗ ಓವರ್‌ಲೋಡ್ ರಿಲೇ ಸುಮ್ಮನಿರುತ್ತದೆ. ಸಬ್‌ಮರ್ಸಿಬಲ್ ಮೋಟಾರನ್ನು ತಂಪಾಗಿಡುವುದು ಅದರ ಸುತ್ತ ಹರಿಯುವ ನೀರೇ; ಅದು ನಿಂತರೆ ಒಳಗೇ ಬೇಯುತ್ತದೆ. ಇದಕ್ಕೆ ಡ್ರೈ ರನ್ ರಕ್ಷಣೆ ಬೇರೆಯೇ ಬೇಕು. ಸಿಂಗಲ್ ಫೇಸ್ ಪ್ರಿವೆಂಟರ್ ಕೂಡ ಬೇರೆ. ಒಂದನ್ನು ಕೊಂಡು ಎಲ್ಲಕ್ಕೂ ಆಯಿತೆಂದು ತಿಳಿಯುವುದು ನನ್ನ ದೃಷ್ಟಿಯಲ್ಲಿ ದುಬಾರಿ ಉಳಿತಾಯ.

ಆಟೋ ಸ್ಟಾರ್ಟರ್ ಬಗ್ಗೆಯೂ ಹೇಳಲೇಬೇಕು. ರಾತ್ರಿ ಎದ್ದು ಹೋಗುವ ಕಷ್ಟ ತಪ್ಪುತ್ತದೆ, ನಿಜ. ಆದರೆ ಕರೆಂಟು ಬಂದ ಕ್ಷಣ ಎಲ್ಲರ ಪಂಪುಗಳೂ ಒಟ್ಟಿಗೆ ಎದ್ದರೆ ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು 80%ಕ್ಕೆ ಬಂದರೆ ಮೋಟಾರಿನ ತಿರುಗುಬಲ 64%. ಅದು ಎದ್ದೇಳಲಾರದೆ ಕರೆಂಟು ಎಳೆಯುತ್ತಲೇ ಇರುತ್ತದೆ. ಪಕ್ಕದ ತೋಟದವರೊಂದಿಗೆ ಮಾತಾಡಿ ಟೈಮರನ್ನು ಕೆಲ ನಿಮಿಷ ಹಿಂದೆ-ಮುಂದೆ ಇಡಿರಿ. ರಿಪೇರಿಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ತೆಗೆದು, ಫ್ಯೂಜುಗಳನ್ನು ಕಿಸೆಯಲ್ಲಿ ಇಟ್ಟುಕೊಳ್ಳಿರಿ. ಆಟೋ ಸ್ಟಾರ್ಟರಿಗೆ ನಿಮ್ಮ ಕೈ ಅಲ್ಲಿದೆ ಎಂದು ತಿಳಿಯದು.