ಉಂಡ ಮನೆಗೆ ಮರಳಿ ಬಂದವರು

(ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನೀಡಿದ ಆಶೀರ್ವಚನ)

ಶರಣ ಬಂಧುಗಳೇ, ತಾಯಂದಿರೇ, ಈ ನಿಲಯದಲ್ಲಿ ಉಂಡು ಓದಿ ಇಂದು ಮರಳಿ ಬಂದಿರುವ ನಮ್ಮ ಮಕ್ಕಳೇ,

ಮಕ್ಕಳೆಂದು ಕರೆದುದಕ್ಕೆ ಕೆಲವರು ನಗುತ್ತಿದ್ದೀರಿ. ನಿಮ್ಮಲ್ಲಿ ಮೊಮ್ಮಕ್ಕಳನ್ನು ಕಂಡವರಿದ್ದಾರೆ, ಪೆನ್ಷನ್ ತೆಗೆದುಕೊಳ್ಳುವವರಿದ್ದಾರೆ. ಆದರೆ ಈ ಪಡಸಾಲೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕುಳಿತವರು ಮಠಕ್ಕೆ ಎಂದೆಂದಿಗೂ ಮಕ್ಕಳೇ.

ಬೆಳಿಗ್ಗೆ ನೀವೆಲ್ಲ ನಿಲಯವನ್ನು ಸುತ್ತಿ ನೋಡಿದಿರಿ. ಏನು ಕಂಡಿರಿ? ಎರಡೆರಡು ಪಂಕ್ತಿ ಊಟ ನಡೆಯುತ್ತಿದ್ದ ಕಡೆ ಈಗ ಅರ್ಧ ಪಂಕ್ತಿ ತುಂಬುವುದೂ ಕಷ್ಟ. ಹಿಂದಿನ ಸಾಲಿನ ಕೊಠಡಿಗಳಿಗೆ ಬೀಗ. ಇದಕ್ಕೆ ಕಾರಣ ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. ಸರಕಾರದ ಹಾಸ್ಟೆಲುಗಳಾದವು, ಹತ್ತಿರದಲ್ಲೇ ಕಾಲೇಜುಗಳಾದವು, ಬಸ್ಸು ಹಳ್ಳಿಯ ಬಾಗಿಲಿಗೇ ಬಂತು. ಇವೆಲ್ಲ ಒಳ್ಳೆಯದೇ ಆಯಿತು. ಇದಕ್ಕೆ ಹೊಟ್ಟೆಕಿಚ್ಚು ಪಡುವುದು ಮಠಕ್ಕೆ ಶೋಭಿಸದು. ಆದರೂ ಜೂನ್ ತಿಂಗಳಲ್ಲಿ ಟ್ರಂಕು ಹೊತ್ತು ಬಂದು ಬಾಗಿಲಲ್ಲಿ ನಿಲ್ಲುವ ಹುಡುಗ ಇನ್ನೂ ಇದ್ದಾನೆ. ತಂದೆಯಿಲ್ಲದವನು, ಸರಕಾರದ ಪಟ್ಟಿಯಲ್ಲಿ ಹೆಸರು ಬಾರದವನು, ಅರ್ಜಿಯ ದಿನ ಕಳೆದ ಮೇಲೆ ತಿಳಿದವನು. ಅವನ ಜಾತಿ ಯಾವುದೆಂದು ಕೇಳುವ ಪದ್ಧತಿ ಇಲ್ಲಿಲ್ಲ. ಅವನೊಬ್ಬನೇ ಬಂದರೂ ಒಲೆ ಹೊತ್ತಬೇಕು. ಅಡಿಗೆಯವರ ಸಂಬಳ, ಕರೆಂಟಿನ ಬಿಲ್ಲು, ಸೋರುವ ಹೆಂಚಿನ ರಿಪೇರಿ, ಇವು ಹುಡುಗರು ಕಡಿಮೆಯಾದರೆಂದು ಕಡಿಮೆಯಾಗುವುದಿಲ್ಲ. “ಮುಚ್ಚಿಬಿಡಿ ಬುದ್ಧಿ, ಕಲ್ಯಾಣಮಂಟಪ ಮಾಡಿದರೆ ನಾಲ್ಕು ಕಾಸು ಬರುತ್ತದೆ” ಎಂದವರೂ ಉಂಟು. ಅವರು ಕೆಟ್ಟವರಲ್ಲ, ಲೆಕ್ಕ ಬಲ್ಲವರು.

ಆದರೆ ಲೆಕ್ಕ ಎಲ್ಲಿಯವರೆಗೆ ಹಾಕಬೇಕು? ಗುಬ್ಬಿಯ ತೋಟದಪ್ಪನವರು ವ್ಯಾಪಾರದಲ್ಲಿ ಗಳಿಸಿದುದನ್ನು ಧರ್ಮಕ್ಕೆ ಸುರಿದು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು, ಬಡ ವಿದ್ಯಾರ್ಥಿಗಳಿಗೆ ಉಚಿತ ನಿಲಯಕ್ಕೆ ದಾರಿ ಮಾಡಿದರು. 1910ರಲ್ಲಿ ಅವರು ಲಿಂಗೈಕ್ಯರಾದಾಗ ವೀರಾಪುರದಲ್ಲಿ ಮೂರು ವರ್ಷದ ಕೂಸೊಂದು ಆಡುತ್ತಿತ್ತು. ಆ ಕೂಸು ಬೆಳೆದು ಸೆಂಟ್ರಲ್ ಕಾಲೇಜಿಗೆ ಬಂದಾಗ ನೆರಳು ಕೊಟ್ಟದ್ದು ಆ ತೋಟದಪ್ಪನವರ ನಿಲಯ. ಅವರೇ ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು. 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಸಾವಿರ ಸಾವಿರ ಮಕ್ಕಳಿಗೆ ಅನ್ನವಿಟ್ಟು ಅಕ್ಷರ ಕಲಿಸಿದರು. ತೋಟದಪ್ಪನವರ ಖಾತೆಯಲ್ಲಿ ಇದನ್ನು ಯಾವ ಬಾಬಿನಲ್ಲಿ ಬರೆಯುತ್ತೀರಿ?

ಇನ್ನೊಂದು ಸಂಗತಿ ನಿಮಗೆ ಹೊಸದೆನಿಸಬಹುದು. ನಮ್ಮ ಭಕ್ತರಲ್ಲಿ ಕೆಲವರ ಮಕ್ಕಳು ಅಮೇರಿಕದ ಕಾಲೇಜುಗಳಲ್ಲಿದ್ದಾರೆ. ಅಲ್ಲಿ ‘ಫ್ರಾಟರ್ನಿಟಿ’ ಎಂಬ ವಿದ್ಯಾರ್ಥಿ ಬಳಗಗಳುಂಟು. ಸೋದರ ಸಂಘವೆಂದು ತಿಳಿಯಿರಿ. 1776ರಲ್ಲಿ ವರ್ಜೀನಿಯಾದ ಕಾಲೇಜೊಂದರಲ್ಲಿ ಫೈ ಬೀಟಾ ಕಪ್ಪಾ ಎಂಬ ಸಂಘ ಹುಟ್ಟಿದ ಮೇಲೆ ಇಂಥ ಗ್ರೀಕ್ ಅಕ್ಷರದ ಹೆಸರಿನ ಸಂಘಗಳು ಹಬ್ಬಿದವು. ಕಾಲೇಜಿಗೊಂದು ಶಾಖೆ, ಅನೇಕ ಶಾಖೆಗಳಿಗೆ ಒಂದು ಮನೆ, ಹುಡುಗರು ಅಲ್ಲಿಯೇ ಇದ್ದು ಉಂಡು ಓದುತ್ತಾರೆ. ಎಷ್ಟೋ ಕಡೆ ಆ ಮನೆಯ ಒಡೆತನ ಹಳೆಯ ಸದಸ್ಯರ ಮಂಡಳಿಯದು. ಹುಡುಗರು ಕಡಿಮೆಯಾದರೆ ಬಾಡಿಗೆ ಬಾರದು. ಬಾಡಿಗೆ ಬರಲಿಲ್ಲವೆಂದು ಸಾಲದ ಕಂತು, ತೆರಿಗೆ, ವಿಮೆ ಕಾಯುತ್ತವೆಯೆ? ಎರಡನೆಯ ಮಹಾಯುದ್ಧದಲ್ಲಿ ಹುಡುಗರು ಸೈನ್ಯಕ್ಕೆ ಹೋಗಿ ಅನೇಕ ಮನೆಗಳು ಬರಿದಾದವು. 1945ರ ನಂತರ ಯುದ್ಧದಿಂದ ಮರಳಿದವರು ಬಂದು ಶಾಖೆಗಳು ಮತ್ತೆ ಚಿಗುರಿದವು. ಇಂದಿಗೂ ಶಾಖೆ ಸೊರಗಿದಾಗ ಹಳಬರು ಹಣ ಕೂಡಿಸುತ್ತಾರೆ. ಜೊತೆಗೆ ಹಳಬನೊಬ್ಬ ಸಲಹೆಗಾರನಾಗಿ ನಿಂತು ಲೆಕ್ಕ ನೋಡುತ್ತಾನೆ, ಹೊಸಬರನ್ನು ಬರಮಾಡಿಕೊಳ್ಳುವ ಬಗೆ ಹೇಳುತ್ತಾನೆ. ಸಂಘವನ್ನು ನಡೆಸುವವರು ಮಾತ್ರ ಈಗಿನ ಹುಡುಗರೇ.

ಅಲ್ಲಿಯ ಕೊಳೆಯನ್ನೂ ಹೇಳದೆ ಬಿಡಬಾರದು. ಹೊಸಬರನ್ನು ಕುಡಿಸಿ, ಹಿಂಸಿಸಿ ಸೇರಿಸಿಕೊಳ್ಳುವ ಚಾಳಿಯಿಂದ ಹುಡುಗರು ಸತ್ತಿದ್ದಾರೆ. ಇಂಥ ಘಟನೆಗಳನ್ನು ಕಾಲೇಜುಗಳು ಬಹಿರಂಗಪಡಿಸಲೇಬೇಕೆಂದು 2024ರಲ್ಲಿ ಆ ದೇಶ ಕಾಯಿದೆ ಮಾಡಿತು. “ನಾವು ಅನುಭವಿಸಿದ್ದೆವು, ನೀವೂ ಅನುಭವಿಸಿ” ಎನ್ನುವ ಹಳಬನು ಉಪಕಾರಿಯಲ್ಲ. ಅವನು ಬಾರದಿದ್ದರೇ ಮನೆಗೆ ಕ್ಷೇಮ.

ನಮ್ಮಲ್ಲಿ ಆ ಮಟ್ಟದ ಹಿಂಸೆಯಿಲ್ಲ, ನಿಜ. ಆದರೆ ನಿಮ್ಮಲ್ಲಿ ಕೆಲವರು ಬಂದು, “ನಮ್ಮ ಕಾಲದಲ್ಲಿ ನಾಲ್ಕಕ್ಕೆ ಎದ್ದು ತಣ್ಣೀರು ಸುರಿದುಕೊಳ್ಳುತ್ತಿದ್ದೆವು, ಇವರಿಗೆ ಬಿಸಿನೀರು ಏಕೆ?” ಎಂದು ಗದರುತ್ತೀರಿ. ಹಾಗೆ ಗದರಿದವರು ಮಧ್ಯಾಹ್ನ ಕಾರಿನ ತಂಪಿನಲ್ಲಿ ಕುಳಿತು ಹೊರಟುಹೋಗುತ್ತೀರಿ. ಹುಡುಗರು ಅದನ್ನು ನೋಡುತ್ತಾರಪ್ಪಾ! ಇನ್ನು ಕೆಲವರು ಫ್ಯಾನು ಕೊಟ್ಟು ಅದರ ರೆಕ್ಕೆಯ ಮೇಲೆ ಹೆಸರು ಬರೆಸುತ್ತೀರಿ. ತಿರುಗಿದರೆ ಹೆಸರು ಕಾಣದು, ಹೆಸರು ಓದಬೇಕೆಂದರೆ ಗಾಳಿಯಿಲ್ಲ. ಕೊಟ್ಟದ್ದು ಬೇಡವೆನ್ನುವುದಿಲ್ಲ. ಫ್ಯಾನು ಬೇಕು, ಹೆಂಚೂ ಬೇಕು, ರಾಗಿಯೂ ಬೇಕು. ಆದರೆ ದಾಸೋಹವೆಂದರೆ ದೂರದಿಂದ ಎಸೆದುಹೋಗುವುದಲ್ಲ.

ನಿಮ್ಮಲ್ಲಿ ಇಂಜಿನಿಯರರಿದ್ದೀರಿ, ಮಳೆಗಾಲಕ್ಕೆ ಮೊದಲು ಬಂದು ಸೂರು ನೋಡಿ ಹೇಳಿ. ಬ್ಯಾಂಕಿನವರಿದ್ದೀರಿ, ವಿದ್ಯಾರ್ಥಿವೇತನದ ಅರ್ಜಿಯನ್ನು ಹೇಗೆ ತುಂಬಬೇಕೆಂದು ಆ ಹುಡುಗರ ಪಕ್ಕ ಕುಳಿತು ತೋರಿಸಿ. ಒಂದು ಮುದ್ರೆ ತಪ್ಪಿ ಅರ್ಜಿ ತಿರುಗಿ ಬಂದರೆ ಅವನ ವರ್ಷವೇ ಹೋದೀತು. ಊರಿನಲ್ಲಿ ಉಳಿದ ರೈತರಿದ್ದೀರಿ. ನಿಲಯದಲ್ಲಿ ಜಾಗವಿದೆಯೆಂದು ನಿಮ್ಮ ಹೋಬಳಿಯ ಬಡವರ ಮನೆಗೆ ಹೋಗಿ ಹೇಳಬಲ್ಲವರು ನೀವೇ. ಬೀಗ ಹಾಕಿದ ಕೊಠಡಿ ತೆರೆಯುವುದು ಹಾಗೆ. ಊಟದ ಕ್ರಮ, ಗ್ರಂಥಾಲಯದ ಹೊತ್ತು ಮೊದಲಾದುವನ್ನು ಹುಡುಗರು ತಮ್ಮಲ್ಲೇ ಆರಿಸಿಕೊಂಡವರು ನಡೆಸಲಿ. ಕೇಳಿದರೆ ಬುದ್ಧಿ ಹೇಳಿ.

ಪ್ರಸಾದಕ್ಕೆ ಹೊತ್ತಾಯಿತು. ಉಗ್ರಾಣದ ಬಾಗಿಲಲ್ಲಿ ಎರಡು ಪುಸ್ತಕ ಇಡಿಸಿದ್ದೇವೆ. ಒಂದು ಕಾಣಿಕೆಯದು. ಇನ್ನೊಂದರಲ್ಲಿ ತಿಂಗಳಿಗೆ ಯಾವ ದಿನ ಬರುತ್ತೀರಿ, ಬಂದು ಏನು ಮಾಡುತ್ತೀರಿ ಎಂದು ಬರೆಯಿರಿ. ಅದನ್ನೇ ಮೊದಲು ತೆರೆಯಿರಿ. ಇಂದು ಹುಡುಗರು ಬಡಿಸುವುದು ಬೇಡ. ಅವರು ಪಂಕ್ತಿಯಲ್ಲಿ ಕೂರಲಿ. ನೀವು ಬಡಿಸಿ, ಆಮೇಲೆ ಅವರ ಜಾಗದಲ್ಲಿಯೇ ಕುಳಿತು ಉಣ್ಣಿ.