ಗೋಡೆಯೊಳಗಿನ ನೀರು

ಹಳೆಯ ಮನೆಗಳ ಬಚ್ಚಲಲ್ಲಿ ಹಂಡೆಯ ಒಲೆಗೆ ಹೊಗೆ ಕೊಳವೆ ಇರುವುದನ್ನು ನೀವೆಲ್ಲ ಬಲ್ಲಿರಿ. ಕೊಳವೆ ಎತ್ತರವಾದಷ್ಟೂ ಒಲೆ ಚೆನ್ನಾಗಿ ಉರಿಯುತ್ತದೆ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ. ಅದರ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ನುಗ್ಗುತ್ತದೆ. ಒಲೆಗೆ ಉಪಕಾರಿಯಾದ ಈ ಗುಣವೇ ಬಹುಮಹಡಿಯ ಕಟ್ಟಡಕ್ಕೆ ಕಂಟಕ. ಲಿಫ್ಟು ಓಡಾಡಲು, ಮೆಟ್ಟಿಲು ಏರಲು, ವಿದ್ಯುತ್ ತಂತಿಗಳು ಹಾಯಲು ಅಂಥ ಕಟ್ಟಡದಲ್ಲಿ ತಳದಿಂದ ತುದಿಯವರೆಗೆ ನೆಟ್ಟನೆಯ ಬಾವಿಗಳನ್ನು ಬಿಟ್ಟಿರುತ್ತಾರೆ. ಎಂಜಿನಿಯರುಗಳು ಇವನ್ನು ಶಾಫ್ಟ್ ಎನ್ನುತ್ತಾರೆ. ಬೆಂಕಿ ಬಿದ್ದಾಗ ಇವೇ ಹೊಗೆ ಕೊಳವೆಗಳಾಗುತ್ತವೆ.

1980ರ ನವೆಂಬರ್ 21ರಂದು ಅಮೆರಿಕದ ಲಾಸ್ ವೇಗಾಸ್ ನಗರದ ಎಂ.ಜಿ.ಎಂ. ಗ್ರ್ಯಾಂಡ್ ಹೋಟೆಲಿನಲ್ಲಿ ಬೆಂಕಿ ಹೊತ್ತಿದ್ದು ನೆಲದ ಅಂತಸ್ತಿನಲ್ಲಿ. ಆದರೆ ಸತ್ತ 85 ಜನರಲ್ಲಿ ಹೆಚ್ಚಿನವರು ಇದ್ದದ್ದು ಎಷ್ಟೋ ಮೇಲಿನ ಅಂತಸ್ತುಗಳಲ್ಲಿ. ಅವರ ಬಳಿಗೆ ಜ್ವಾಲೆ ಹೋಗಲಿಲ್ಲ. ಲಿಫ್ಟಿನ ಬಾವಿ ಮತ್ತು ಮೆಟ್ಟಿಲುಗಳ ದಾರಿಯಾಗಿ ಹೊಗೆ ಹೋಯಿತು. ದೂರದ ಮಾತೇಕೆ? 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಬಾವಿಯಲ್ಲಿ ಹುಟ್ಟಿದ ಬೆಂಕಿಯ ಹೊಗೆ ಒಂಬತ್ತು ಜೀವಗಳ ಸಾವಿಗೆ ಕಾರಣವಾಯಿತು.

ಆದ್ದರಿಂದ ಈ ಬಾವಿಗಳ ಗೋಡೆ ಬೆಂಕಿಯನ್ನು ತಡೆದು ನಿಲ್ಲಬೇಕು. ಇಟ್ಟಿಗೆಯ ಗೋಡೆ ಈ ಕೆಲಸ ಮಾಡಬಲ್ಲದು. ಆದರೆ ನೂರು ಅಂತಸ್ತಿನವರೆಗೆ ಅದರ ಭಾರವನ್ನು ಹೊರುವುದು ಸುಲಭವಲ್ಲ. ನ್ಯೂಯಾರ್ಕಿನಲ್ಲಿ 110 ಅಂತಸ್ತುಗಳ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರಗಳನ್ನು ಕಟ್ಟುವಾಗ ಇದಕ್ಕಾಗಿ ಜಿಪ್ಸಂ ಹಲಗೆಗಳನ್ನು ಆರಿಸಿಕೊಂಡರು.

ಜಿಪ್ಸಂ ನಮಗೆ ಹೊಸದಲ್ಲ. ಮುರಿದ ಮೂಳೆಗೆ ಹಾಕುವ ಪ್ಲಾಸ್ಟರು ಅದರಿಂದಲೇ ಆದದ್ದು. ಮುಟ್ಟಿದರೆ ಒಣಗಿದ್ದಂತೆ ಕಾಣುವ ಈ ಕಲ್ಲಿನ ತೂಕದಲ್ಲಿ ಐದನೆಯ ಒಂದು ಪಾಲಿಗೂ ಕೊಂಚ ಹೆಚ್ಚು ನೀರೇ! ಅದು ಹರಳಿನೊಳಗೆ ಕೂಡಿಕೊಂಡಿರುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರಿರುವವರೆಗೆ ತಳ ಸೀಯುವುದಿಲ್ಲವಷ್ಟೆ? ಹಾಗೆಯೇ, ಬೆಂಕಿ ತಗುಲಿದಾಗ ಜಿಪ್ಸಂ ತನ್ನ ನೀರನ್ನು ಆವಿಯಾಗಿ ಬಿಟ್ಟುಕೊಡುತ್ತದೆ. ಬೆಂಕಿಯ ಶಾಖ ಆ ಕೆಲಸದಲ್ಲೇ ವ್ಯಯವಾಗುತ್ತದೆ. ನೀರು ತೀರುವವರೆಗೆ ಗೋಡೆಯ ಆಚೆಯ ಬದಿ ಹೆಚ್ಚು ಕಾಯುವುದಿಲ್ಲ. ನೀರು ಆರಿದ ಜಿಪ್ಸಂ ಪುಡಿಯಾಗಿ ಉದುರದಂತೆ ಹಲಗೆಯಲ್ಲಿ ಗಾಜಿನ ನೂಲನ್ನು ಬೆರೆಸಿರುತ್ತಾರೆ.

ಕಟ್ಟುವ ರೀತಿಯೂ ಜಾಣತನದ್ದು. ಉಕ್ಕಿನ ಕಂಬಿಗಳ ನಡುವೆ 25 ಮಿಲಿಮೀಟರ್ ದಪ್ಪದ ಹಲಗೆಗಳನ್ನು ಹೊರಗಿನಿಂದಲೇ ಕೂರಿಸಿ, ಈಚೆಯ ಬದಿಗೆ ತೆಳು ಹಲಗೆಗಳ ಎರಡು ಪದರ ಹೊಡೆಯುತ್ತಾರೆ. ಬಾವಿಯೊಳಗೆ ಸಾರುವೆ ಕಟ್ಟುವ ಅಪಾಯವಿಲ್ಲ. ಇಂಥ ಗೋಡೆಯನ್ನು ಕುಲುಮೆಗೆ ಒಡ್ಡಿ ಪರೀಕ್ಷಿಸುತ್ತಾರೆ. ಎರಡು ಗಂಟೆಯ ಕೊನೆಗೆ ಕುಲುಮೆ ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ಆಚೆಯ ಬದಿಯ ಉಷ್ಣತೆ ಸರಾಸರಿಯಲ್ಲಿ 139 ಡಿಗ್ರಿಗಿಂತ ಹೆಚ್ಚು ಏರಿರಬಾರದು. ‘ಎರಡು ಗಂಟೆಯ ಗೋಡೆ’ ಎಂಬುದರ ಅರ್ಥ ಇದೇ: ಜನ ಇಳಿದು ಹೋಗಲು, ಅಗ್ನಿಶಾಮಕ ದಳದವರು ಏರಿ ಬರಲು ಸಿಗುವ ಕಾಲ.

ಹಾಗೆಂದು ಜಿಪ್ಸಂ ಎಲ್ಲಕ್ಕೂ ಕವಚವಲ್ಲ. ಅದು ಶಾಖವನ್ನು ತಾಳುತ್ತದೆ, ಭಾರಿ ಪೆಟ್ಟನ್ನು ತಾಳದು. 2001ರಲ್ಲಿ ವಿಮಾನಗಳು ಅಪ್ಪಳಿಸಿದಾಗ ಅದೇ ಗೋಪುರಗಳಲ್ಲಿ ಮೆಟ್ಟಿಲುಗಳ ಸುತ್ತಲ ಹಲಗೆಗಳು ಕಳಚಿಬಿದ್ದವು. ಆದರೆ ನಮ್ಮ ನಿಮ್ಮ ಕಟ್ಟಡಗಳಿಗೆ ಹತ್ತಿರದ ಪಾಠ ಅದಕ್ಕೂ ಹಿಂದಿನದು. 1975ರ ಫೆಬ್ರವರಿ 13ರ ರಾತ್ರಿ, ಉತ್ತರ ಗೋಪುರದ ಹನ್ನೊಂದನೆಯ ಅಂತಸ್ತಿನಲ್ಲಿ ಬೆಂಕಿ ಹೊತ್ತಿತು. ಅದು ಬೇರೆ ಅಂತಸ್ತುಗಳಿಗೆ ಹರಡಿದ್ದು ಗೋಡೆಯನ್ನು ಸುಟ್ಟುಕೊಂಡಲ್ಲ. ಟೆಲಿಫೋನ್ ತಂತಿಗಳಿಗಾಗಿ ನೆಲದಲ್ಲಿ ಬಿಟ್ಟು, ಮುಚ್ಚದೆ ಉಳಿಸಿದ್ದ ಕಂಡಿಗಳ ಮೂಲಕ.

ಗೋಡೆ ಎಷ್ಟು ಗಂಟೆಯದಾದರೇನು, ತಂತಿ ಎಳೆಯಲು ಬಂದವನು ಒಂದು ತೂತು ಕೊರೆದು ಹಾಗೆಯೇ ಬಿಟ್ಟುಹೋದರೆ ಹೊಗೆಗೆ ಅಷ್ಟೇ ಸಾಕು. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇಂಥ ಸಂದುಗಳನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕೆಂದು ಹೇಳುತ್ತದೆ. ನೀವು ಮಹಡಿ ಮನೆಯಲ್ಲಿ ವಾಸಿಸುವವರಾದರೆ ಒಮ್ಮೆ ತಂತಿಗಳ ಬಾವಿಯ ಬಾಗಿಲನ್ನು ತೆರೆಸಿ ನೋಡಿ. ಮೇಲಿನ ಅಂತಸ್ತಿನ ಬೆಳಕು ಅಲ್ಲಿ ಇಣುಕುತ್ತಿದೆಯೆ? ಹಳೆಯ ಪತ್ರಿಕೆ, ಪೊರಕೆಗಳನ್ನು ಅಲ್ಲಿ ತುರುಕಿದ್ದಾರೆಯೆ? ಮೆಟ್ಟಿಲ ಬಾಗಿಲಿಗೆ ಗಾಳಿಗೆಂದು ಇಟ್ಟಿಗೆ ಕೊಟ್ಟಿದ್ದಾರೆಯೆ? ಕಂಡಿದ್ದರೆ ಸಂಘದವರಿಗೆ ಹೇಳಿ ಈ ವಾರವೇ ಸರಿಪಡಿಸಿ. ಗೋಡೆ ತನ್ನ ನೀರನ್ನೆಲ್ಲ ಕೊಟ್ಟು ಎರಡು ಗಂಟೆ ಕಾಯಲು ಸಿದ್ಧವಿದೆ. ಅದರ ತೂತನ್ನು ಮುಚ್ಚುವ ಕೆಲಸ ನಮ್ಮದು.