ಒದ್ದೆ ಹೈಡ್ರೋಸ್ ಮತ್ತು ಫೋನಿನ ಆಚೆಯ ತಜ್ಞ



ದೇವಾಂಗ ನೇಕಾರರ ತಾರಮಂಗಲದಲ್ಲಿ, ಅದೂ ಕನ್ನಡದಲ್ಲಿ, ರಸಾಯನಶಾಸ್ತ್ರ ಮಾತಾಡಲು ಕರೆದಿರಿ. ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯರಿಗೆ ಉದ್ದದ ಪೀಠಿಕೆ ಹಿಡಿಸುತ್ತಿರಲಿಲ್ಲವಂತೆ. ನನಗೂ ಅದೇ ಅನುಕೂಲ.

1984ರ ಭೋಪಾಲದ ಅನಿಲ ದುರಂತ, ಆಮೇಲೆ ಬಂದ 1989 ಮತ್ತು 1996ರ ರಾಸಾಯನಿಕ ಸುರಕ್ಷತೆಯ ನಿಯಮಗಳು ಪುಸ್ತಕಗಳಲ್ಲಿ ಸಿಗುತ್ತವೆ; ಅವನ್ನು ಮತ್ತೆ ಹೇಳುವುದಿಲ್ಲ. ರಸ್ತೆಯ ಅಪಘಾತಕ್ಕೂ ಒಂದು ದಾರಿಯಿದೆ. ತೊಪ್ಪೂರು ಘಾಟಿನಲ್ಲಿ ಟ್ಯಾಂಕರ್ ಉರುಳಿದರೆ ಅದರ ಮೇಲೆ ವಸ್ತುವಿನ ಗುರುತಿನ ಅಂಕಿಯ ಫಲಕವೊಂದಿರುತ್ತದೆ: ಕ್ಲೋರಿನ್‌ಗೆ 1017, ಅಮೋನಿಯಾಕ್ಕೆ 1005. ಗಾಳಿ ಬೀಸಿ ಬರುವ ಕಡೆ ನಿಂತು ದೂರದಿಂದಲೇ ಅಂಕಿ ಓದಿ, ಅಲ್ಲೇ ಬರೆದ ನಂಬರಿಗೆ ಪೊಲೀಸರು ಫೋನು ಮಾಡಬಹುದು.

ನನ್ನ ತಕರಾರು ಫಲಕವೇ ಇಲ್ಲದ ಜಾಗದ್ದು, ಅಂದರೆ ನೂಲಿಗೆ ಬಣ್ಣ ಹಾಕುವ ಸಾಯಪಟ್ಟರೆಯದು.

ಅಲ್ಲಿ ಹೈಡ್ರೋಸ್ ಇರುತ್ತದೆ. ಸೋಡಿಯಂ ಹೈಡ್ರೋಸಲ್ಫೈಟ್, ಅಂಕಿ 1384. ನೀರಲ್ಲಿ ಕರಗದ ವ್ಯಾಟ್ ಬಣ್ಣವನ್ನು ಕಾಸ್ಟಿಕ್ ಜೊತೆ ಸೇರಿ ಕರಗಿಸಿ ಹತ್ತಿ ನೂಲಿಗೆ ಹಿಡಿಸುವ ಬಿಳಿ ಪುಡಿ. ಸೂರು ಸೋರಿ ನಾಲ್ಕು ಹನಿ ಡ್ರಮ್ಮಿಗೆ ಬಿದ್ದರೆ ಒಳಗೊಳಗೇ ಕಾಯುತ್ತದೆ, ಗಂಧಕದ ಘಾಟು ಎದ್ದು ಗಂಟಲು ಹಿಡಿಯುತ್ತದೆ, ಕೊನೆಗೆ ತಾನೇ ಹೊತ್ತಿಕೊಳ್ಳುತ್ತದೆ. ಚಿಲ್ಲರೆಯಾಗಿ ಕೊಂಡು ಪ್ಲಾಸ್ಟಿಕ್ ಡಬ್ಬಿಗೆ ಸುರಿದಿದ್ದರೆ ಚೀಟಿಯೂ ಇಲ್ಲ, ಅಂಕಿಯೂ ಇಲ್ಲ.

ನೀರು ತಗುಲಿ ಹೊತ್ತಿದ್ದಕ್ಕೆ ನೀರು ಹಾಕಬೇಡಿ, ಮರಳು ಮುಚ್ಚಿ ಎನ್ನುವವರಿದ್ದಾರೆ. ಸೋಡಿಯಂ ಲೋಹಕ್ಕೆ ಆ ಮಾತು ಸರಿ. ಹೈಡ್ರೋಸ್‌ಗೆ ಶುದ್ಧ ತಪ್ಪು. ಇದು ಉರಿಯಲು ಹೊರಗಿನ ಗಾಳಿ ಬೇಡ, ಮರಳಿನಡಿಯೂ ಉರಿಯುತ್ತದೆ. ದೂರದಿಂದ ಧಾರಾಳವಾಗಿ ನೀರು ಸುರಿದು ಮುಳುಗಿಸಬೇಕು. ಒಂದು ಕೊಡ ನೀರು ಮಾತ್ರ ಬೆಂಕಿಗೆ ಇನ್ನಷ್ಟು ಕುಮ್ಮಕ್ಕು.

ಕೈಪಿಡಿ ಹಂಚಿದರೆ ಸಾಕಲ್ಲವೇ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಉತ್ತರ ಅಮೆರಿಕದ ತುರ್ತು ಕೈಪಿಡಿಯ 135ನೇ ಮಾರ್ಗಸೂಚಿ ನೋಡಿ: ನೀರು ಬೇಡ ಎನ್ನುವುದೂ ಅಲ್ಲೇ, ಹೈಡ್ರೋಸ್‌ಗೆ ಬೇಕು ಎನ್ನುವ ವಿನಾಯಿತಿಯೂ ಅಲ್ಲೇ. ರಾತ್ರಿ, ಹೊಗೆಯಲ್ಲಿ, ಡಬ್ಬಿಯಲ್ಲಿ ಏನಿದೆಯೆಂದೇ ಗೊತ್ತಿಲ್ಲದವನು ಯಾವ ಸಾಲು ಓದಬೇಕು?

ವಿಶೇಷ ಪಡೆ ಕಳಿಸಿ ಎನ್ನುವವರ ವಾದ ಇನ್ನೂ ದುರ್ಬಲ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದಾಗ ಪರಿಣತರ ತಂಡ ಪುಣೆಯಿಂದ ವಿಮಾನದಲ್ಲಿ ಬಂತು. ರಸ್ತೆಯಲ್ಲಿ ಬಿದ್ದವರನ್ನು ಅಷ್ಟರೊಳಗೆ ಎತ್ತಿದವರು ಸ್ಥಳೀಯರು ಮತ್ತು ಪೊಲೀಸರು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) ಬೆಟಾಲಿಯನ್ ನೆಲೆ ನಮಗೆ ದೂರದ ಅರಕ್ಕೋಣಂನಲ್ಲಿದೆ. ಅಲ್ಲಿಂದ ತಂಡ ಬರುವ ತನಕ ಡಬ್ಬಿ ಕಾಯುವುದಿಲ್ಲ.

ಬೇಕಿರುವುದು ಫೋನಿನ ಆಚೆ ಒಬ್ಬ ರಸಾಯನ ಬಲ್ಲವನು. ಅಮೆರಿಕದಲ್ಲಿ 1971ರಿಂದ, ಬ್ರಿಟನ್ನಿನಲ್ಲಿ 1973ರಿಂದ ಈ ಏರ್ಪಾಡಿದೆ. ನಮ್ಮಲ್ಲೂ ಅಂಥವನನ್ನು ದಿಲ್ಲಿಯಲ್ಲಿ ಕೂರಿಸಿ ಎನ್ನುವ ಮಿತ್ರರೊಂದಿಗೂ ನನಗೆ ಜಗಳ. ಅಂಕಿ ಇಲ್ಲದಾಗ ಪ್ರಶ್ನೆಗಳಿಂದಲೇ ವಸ್ತುವನ್ನು ಹಿಡಿಯಬೇಕು: ಪುಡಿಯೋ ದ್ರವವೋ, ಯಾವ ಬಣ್ಣಕ್ಕೆ ಹಾಕುತ್ತೀರಿ, ಒದ್ದೆಯಾದದ್ದು ಯಾವಾಗ? ಉತ್ತರ ಕೊಡುವವನು ಪಟ್ಟರೆಯ ಆಳು. ಅವನ ಮಾತು ತಮಿಳು, ಇಲ್ಲವೇ ನಮ್ಮ ಮನೆಗನ್ನಡ. ಸೇಲಂನ ಭಾರತೀಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಲ್ಲಿ ಬಣ್ಣ ಕಲಿಸುವವರಿದ್ದಾರೆ, ಮೆಟ್ಟೂರಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯ ಕೆಮಿಸ್ಟರಿದ್ದಾರೆ. ಸರದಿಯ ಪ್ರಕಾರ ಅವರ ನಂಬರು ಜಿಲ್ಲೆಯ ಅಗ್ನಿಶಾಮಕ ನಿಯಂತ್ರಣ ಕೊಠಡಿಯಲ್ಲಿರಲಿ.

ಸಲಹೆ ತಪ್ಪಾದರೆ ಹೊಣೆ ಯಾರದು ಎಂದು ಆಕ್ಷೇಪಿಸುವವರಿದ್ದಾರೆ. ಕರೆ ರೆಕಾರ್ಡ್ ಆಗಲಿ; ಆದೇಶ ಕೊಡುವ ಅಧಿಕಾರ ಸ್ಥಳದಲ್ಲಿರುವ ಅಗ್ನಿಶಾಮಕ ಅಧಿಕಾರಿಯದೇ ಇರಲಿ. ಸದುದ್ದೇಶದಿಂದ ಸಲಹೆ ಕೊಟ್ಟ ಕೆಮಿಸ್ಟನನ್ನು ಕೋರ್ಟಿಗೆ ಎಳೆಯುವುದಿಲ್ಲವೆಂದು ಸರ್ಕಾರ ಮೊದಲೇ ಬರೆದುಕೊಡಲಿ.